ತೊಗಲಿನ ಹೊಲಿಗೆಯಲ್ಲಿ ದಾರದ ಬಿಗಿ

(ರೈತರ ಸಂಜೆಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಸಭೆ ಕರೆದನೆಂದರೆ ಗೊಬ್ಬರದ ಮಾತೋ ಬೀಜೋಪಚಾರದ ಮಾತೋ ಇದ್ದೇ ಇರುತ್ತದೆಂದು ತಿಳಿದು ತಾವು ಬಂದಿರಬಹುದು. ಈ ದಿನ ಅವೆರಡೂ ಇಲ್ಲ. ತೊಗಲು ಹೊಲಿಯುವ ಭಾರಿ ಯಂತ್ರದಲ್ಲಿ ದಾರವನ್ನು ಎಷ್ಟು ಬಿಗಿ ಮಾಡಬೇಕು, ಹೇಗೆ ಬಿಗಿ ಮಾಡಬೇಕು ಎಂಬ ಒಂದೇ ವಿಷಯವನ್ನು ಹೇಳಬೇಕೆಂದಿದ್ದೇನೆ. "ಇದು ಚಪ್ಪಲಿ ಹೊಲಿಯುವವರಿಗೆ ಬೇಕಾದ ಮಾತು, ನಮಗೇಕೆ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಬೇಸಾಯಗಾರನ ಮನೆಯಲ್ಲಿ ತೊಗಲು ಎಲ್ಲೆಲ್ಲಿದೆ ನೋಡಿ. ಕಪಿಲೆ ಬಾವಿಗಳಿದ್ದ ಕಾಲದಲ್ಲಿ ನೀರೆತ್ತುವ ಬಾನಿಯೇ ತೊಗಲಿನದಾಗಿತ್ತು. ಆ ಬಾವಿಗಳು ಹೋದವು, ಪಂಪುಗಳು ಬಂದವು. ಟ್ರ್ಯಾಕ್ಟರು ಬಂದು ಎತ್ತುಗಳೂ ಕಡಿಮೆಯಾದವು. ಆದರೂ ಎತ್ತಿರುವ ಮನೆಯಲ್ಲಿ ಎತ್ತಿನ ಕೊರಳನ್ನು ನೊಗಕ್ಕೆ ಹಿಡಿದಿಡುವ ಜೊತ್ತಿಗೆ ಇದೆ, ಗೆಜ್ಜೆ ಕಟ್ಟುವ ಕೊರಳಪಟ್ಟಿ ಇದೆ, ಬಾರುಕೋಲಿನ ಬಾರು ಇದೆ. ಎತ್ತಿಲ್ಲದ ಮನೆಯಲ್ಲೂ ಕಾಲಿಗೆ ಎಕ್ಕಡ ಇದೆ, ಔಷಧಿ ಹೊಡೆಯುವ ಪಂಪಿನ ಹೆಗಲಪಟ್ಟಿ ಇದೆ. ಹೆಗಲಪಟ್ಟಿ ಕಾರ್ಖಾನೆಯಿಂದ ನೈಲಾನಿನದೇ ಬಂದಿರಬಹುದು. ಒಂದೆರಡು ಹಂಗಾಮು ಕಳೆದು ಅದು ಹರಿದಾಗ ತೊಗಲಿನ ತುಂಡು ಹಾಕಿ ಹೊಲಿಸಿಕೊಂಡು ಬರುವವರು ನಾವೇ ಅಲ್ಲವೇ? ಹದಿನಾರು ಲೀಟರಿನ ಪಂಪು ತುಂಬಿದಾಗ ನೀರಿನ ಭಾರವೇ ಹದಿನಾರು ಕಿಲೋ ಆಗುತ್ತದೆ. ಅದರ ಮೇಲೆ ಡಬ್ಬಿಯ ಭಾರ. ಆ ಭಾರವೆಲ್ಲ ಎರಡು ಪಟ್ಟಿಯ ನಾಲ್ಕು ಹೊಲಿಗೆಗಳ ಮೇಲೆ ನಿಂತಿರುತ್ತದೆ. ಹೊಲದ ನಡುವೆ ಒಂದು ಹೊಲಿಗೆ ಬಿಟ್ಟುಕೊಂಡು ಪಂಪು ವಾಲಿದರೆ, ಮುಚ್ಚಳ ಸಡಿಲವಾಗಿದ್ದರೆ, ವಿಷವೆಲ್ಲ ಬೆನ್ನ ಮೇಲೆ. ಹಾಗಾದಾಗ ತಡಮಾಡದೆ ಬಟ್ಟೆ ಕಳಚಿ ಸಾಬೂನು ಹಾಕಿ ತೊಳೆದುಕೊಳ್ಳಬೇಕೆಂಬುದನ್ನು ಬೇರೆ ಸಭೆಯಲ್ಲಿ ಹೇಳಿದ್ದೇನೆ. ಹಾಗೆ ಆಗದಂತೆ ನೋಡಿಕೊಳ್ಳುವುದು ಇಂದಿನ ಮಾತು.

ಪಕ್ಕದ ಊರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆಸರು ಬೇಡ. ಕಬ್ಬು ಹೇರಿದ ಗಾಡಿ ಕೆರೆಯ ಏರಿ ಹತ್ತುತ್ತಿತ್ತು. ಹಿಂದಕ್ಕೆ ಭಾರ ಹೆಚ್ಚಾಗಿತ್ತು. ಏರು ಹತ್ತುವಾಗ ಹಿಂಭಾರದ ಗಾಡಿಯ ಮೂಕಿ ಮೇಲಕ್ಕೇಳಲು ನೋಡುತ್ತದೆ, ಅದನ್ನು ಕೆಳಗೆ ಹಿಡಿದಿಡುವುದು ಎತ್ತಿನ ಕೊರಳ ಕೆಳಗಿನ ಜೊತ್ತಿಗೆಯೇ ಎಂಬುದನ್ನು ತಾವೆಲ್ಲ ಬಲ್ಲಿರಿ. ಬಲಗಡೆಯ ಜೊತ್ತಿಗೆ ಕಳಚಿಕೊಂಡಿತು. ನೊಗ ಮೇಲೆ ಹಾರಿತು, ಗಾಡಿ ಹಿಂದಕ್ಕೆ ಕೂತಿತು, ಕಬ್ಬು ಸುರಿಯಿತು. ಹಿಂದೆ ನಡೆದು ಬರುತ್ತಿದ್ದ ಹುಡುಗ ಪಕ್ಕಕ್ಕೆ ಹಾರಿ ಬದುಕಿದ. ಎಡಗಡೆಯ ಎತ್ತಿನ ಕಾಲು ಉಳುಕಿ, ಸುಗ್ಗಿಯ ನಡುವೆ ಹದಿನೈದು ದಿನ ಅದು ಕೊಟ್ಟಿಗೆಯಲ್ಲಿ ನಿಂತಿತು.

ಜೊತ್ತಿಗೆ ಹೊಸದು. ಯಜಮಾನರು ಅದನ್ನು ಹಿಡಿದುಕೊಂಡು ನೇರವಾಗಿ ಹೊಲಿದವರ ಮನೆಗೆ ಹೋದರು. "ಕೊಳೆತ ತೊಗಲು ಹಾಕಿದ್ದೀಯ" ಎಂದು ಕೂಗಾಡಿದರು. ಆ ಮನೆಯ ಹಿರಿಯರು ಕೈಯಿಂದ ಹೊಲಿಯುವುದರಲ್ಲಿ ಹೆಸರಾದವರು. ಈಚೆಗೆ ಮಗ ಸಾಲ ಮಾಡಿ ಭಾರಿ ಯಂತ್ರ ತಂದಿದ್ದ. ನಾನು ಹೋದಾಗ ಅಜ್ಜ ಜೊತ್ತಿಗೆಯನ್ನು ನನ್ನ ಮುಂದೆ ಇಟ್ಟು, "ನೋಡಿ ಸ್ವಾಮಿ, ತೊಗಲು ಹೊಸದು, ದಾರ ಹೊಸದು. ತೊಗಲು ಹರಿದಿಲ್ಲ, ದಾರವೂ ಹರಿದಿಲ್ಲ. ಆದರೂ ಬಿಟ್ಟುಕೊಂಡಿದೆ. ಮಗ ಯಂತ್ರ ಮಾರಿಬಿಡುತ್ತೇನೆ ಅನ್ನುತ್ತಾನೆ" ಅಂದರು.

ಅಜ್ಜ ಹೇಳಿದ್ದು ಸರಿಯಾಗಿಯೇ ಇತ್ತು. ಜೊತ್ತಿಗೆಯನ್ನು ತಿರುಗಿಸಿ ನೋಡಿದರೆ ಮೇಲುಗಡೆ ಹೊಲಿಗೆ ಮುತ್ತು ಪೋಣಿಸಿದಂತೆ ಚೆಂದ. ಅಡಿಯಲ್ಲಿ ಮಾತ್ರ ದಾರ ಒಂದೇ ಗೆರೆಯಾಗಿ ನೆಟ್ಟಗೆ ಮಲಗಿತ್ತು. ಅದರ ಒಂದು ತುದಿಯನ್ನು ಉಗುರಿನಿಂದ ಎತ್ತಿ ಎಳೆದೆವು. ಗೇಣುದ್ದ ದಾರ ಸರಸರನೆ ಕೈಗೆ ಬಂತು, ಎರಡು ಪದರ ತೊಗಲು ಬಾಯಿ ಬಿಟ್ಟಿತು. ತಪ್ಪು ತೊಗಲಿನದಲ್ಲ, ದಾರದ್ದಲ್ಲ, ಯಂತ್ರದ್ದೂ ಅಲ್ಲ. ಯಂತ್ರದ ಎರಡು ತಿರುಪುಗಳಲ್ಲಿ ಒಂದನ್ನು ಸರಿಯಾಗಿ ಹೊಂದಿಸಿರಲಿಲ್ಲ. ಅಷ್ಟೇ.

ಅದು ಹೇಗೆಂದು ತಿಳಿಯಬೇಕಾದರೆ ಯಂತ್ರ ಹೊಲಿಯುವ ರೀತಿಯನ್ನು ಸ್ವಲ್ಪ ನೋಡಬೇಕು. ಕೈಹೊಲಿಗೆಯಲ್ಲಿ ದಾರ ತೊಗಲಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹಾದುಹೋಗುತ್ತದೆ. ಯಂತ್ರದ ಹೊಲಿಗೆಯಲ್ಲಿ ಹಾಗಲ್ಲ. ಮೇಲಿನ ದಾರ ಸೂಜಿಯೊಡನೆ ಕೆಳಗಿಳಿಯುತ್ತದೆ. ಕೆಳಗಿರುವ ಕೊಕ್ಕೆ ಅದನ್ನು ಹಿಡಿದು ಬಾಬಿನ್ನಿನ ದಾರದ ಸುತ್ತ ಒಂದು ಕುಣಿಕೆ ಹಾಕುತ್ತದೆ. ಮೇಲೆ ಕೆಳಗೆ ಆಡುವ ಕಡ್ಡಿ ಕುಣಿಕೆಯನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಹೀಗೆ ಎರಡು ದಾರಗಳು ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್ ಎಂಬಾತ 1846ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಾಕುತ್ತಿದ್ದುದೂ ಇದೇ ಬಗೆಯ ಕೊಂಡಿ ಹೊಲಿಗೆಯನ್ನೇ. ಇಂದು ಪೇಟೆಯ ದರ್ಜಿಯ ಯಂತ್ರದಲ್ಲಿರುವುದೂ, ತೊಗಲಿನ ಭಾರಿ ಯಂತ್ರದಲ್ಲಿರುವುದೂ ಅದೇ.

ಈ ಕೊಂಡಿ ಎಲ್ಲಿ ಕೂರಬೇಕು? ತೊಗಲಿನ ದಪ್ಪದ ನಟ್ಟನಡುವೆ. ಅಲ್ಲಿ ಕೂತರೆ ಅದಕ್ಕೆ ಮಳೆಯಿಲ್ಲ, ಉಜ್ಜಾಟವಿಲ್ಲ, ಸುತ್ತಲೂ ತೊಗಲು ಅದನ್ನು ಅದುಮಿ ಹಿಡಿದಿರುತ್ತದೆ. ಅದನ್ನು ನಡುವೆ ನಿಲ್ಲಿಸುವುದು ಮೇಲಿನ ದಾರದ ಎಳೆತ ಮತ್ತು ಕೆಳಗಿನ ದಾರದ ಎಳೆತ. ಜೋಡೆತ್ತಿನ ನೊಗವನ್ನು ನೆನೆಸಿಕೊಳ್ಳಿ. ಎರಡೆತ್ತುಗಳು ಸಮನಾಗಿ ಎಳೆದರೆ ನೊಗ ನೇರ. ಒಂದು ಮುಂದೆ ನುಗ್ಗಿದರೆ ನೊಗ ಓರೆ. ಮೇಲಿನ ದಾರ ಬಹಳ ಬಿಗಿಯಾಗಿದ್ದರೆ ಕೊಂಡಿಯನ್ನು ಮೇಲಕ್ಕೆ ಕಿತ್ತುತರುತ್ತದೆ, ಆಗ ಮೇಲಿನ ದಾರ ನೆಟ್ಟಗೆ ಮಲಗಿ ಪ್ರತಿ ತೂತಿನಲ್ಲೂ ಕೆಳದಾರದ ಚುಕ್ಕಿ ಇಣುಕುತ್ತದೆ. ಮೇಲಿನದು ಸಡಿಲವಾಗಿದ್ದರೆ ಕೆಳಗಿನದು ಕೊಂಡಿಯನ್ನು ಕೆಳಕ್ಕೆ ಜಗ್ಗುತ್ತದೆ, ಆಗ ಕೆಳದಾರ ನೆಟ್ಟಗೆ ಮಲಗಿ ಅಡಿಯಲ್ಲಿ ಮೇಲ್ದಾರದ ಕುಣಿಕೆಗಳು ಕಾಣುತ್ತವೆ. ಆ ಜೊತ್ತಿಗೆಯಲ್ಲಿ ಆಗಿದ್ದುದು ಇದು. ನೆಟ್ಟಗೆ ಮಲಗಿದ ದಾರವನ್ನು ತೊಗಲು ಹಿಡಿದಿರುವುದಿಲ್ಲ, ಬರಿಯ ಕುಣಿಕೆಗಳು ಹಿಡಿದಿರುತ್ತವೆ. ಆದ್ದರಿಂದ ಒಂದು ಕಡೆ ಸವೆದು ಬಿಟ್ಟರೆ ಲಾಡಿ ಎಳೆದಂತೆ ಉದ್ದಕ್ಕೂ ಜಾರಿ ಬರುತ್ತದೆ.

ಅಡಿಯಲ್ಲಿ ಕುಣಿಕೆ ಕಂಡ ಕೂಡಲೇ ಬಹಳ ಮಂದಿ ಕೆಳಗಿನ ಬಾಬಿನ್ನಿಗೆ ಕೈಹಾಕುತ್ತಾರೆ. ದೋಷ ಕೆಳಗೆ ಕಂಡಿತು, ಆದ್ದರಿಂದ ತಪ್ಪು ಕೆಳಗಿದೆ ಎಂಬ ಲೆಕ್ಕ. ಇದು ತಿರುಗುಮುರುಗು. ಅಡಿಯಲ್ಲಿ ದೋಷ ಕಂಡರೆ ಹೆಚ್ಚಿನ ಸಾರಿ ಮೇಲಿನ ದಾರವನ್ನು ನೋಡಬೇಕು, ಮೇಲೆ ದೋಷ ಕಂಡರೆ ಕೆಳಗಿನದನ್ನೂ ಶಂಕಿಸಬೇಕು. ನಾಲೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಕೊನೆಯ ಗದ್ದೆಯನ್ನು ಅಗೆಯುತ್ತೇವೆಯೇ? ತೂಬಿನ ಕಡೆಗೆ ನಡೆಯುತ್ತೇವೆ.

ತಿರುಪಿಗೆ ಕೈಹಾಕುವ ಮೊದಲು ನೋಡಬೇಕಾದುವು ಕೆಲವಿವೆ. ನನ್ನ ಅಭಿಪ್ರಾಯದಲ್ಲಿ ಬಿಗಿಯ ತೊಂದರೆಯೆಂದು ದೂರು ಬರುವ ಯಂತ್ರಗಳಲ್ಲಿ ಅನೇಕಕ್ಕೆ ತಿರುಪನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ.

ಮೊದಲನೆಯದು ಸೂಜಿ. ಸೂಜಿಯ ಮೇಲೆ ಅಂಕಿಗಳಿರುತ್ತವೆ. 18ನೆಯ ನಂಬರಿನ ಸೂಜಿಯ ಮೇಲೆ 110 ಎಂದೂ, 22ರ ಮೇಲೆ 140 ಎಂದೂ, 24ರ ಮೇಲೆ 180 ಎಂದೂ ಇರುತ್ತದೆ. ದೊಡ್ಡ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ. ಎಂದರೆ 140ರ ಸೂಜಿ ಒಂದೂ ನಾಲ್ಕು ದಶಾಂಶ ಮಿಲಿಮೀಟರು ದಪ್ಪ. ದಾರ ದಪ್ಪವಾಗಿದ್ದು ಸೂಜಿ ಸಣ್ಣದಾದರೆ ಸೂಜಿ ಕೊರೆದ ತೂತಿನಲ್ಲಿ ಕೊಂಡಿ ಮೇಲೇರಲಾರದು, ತಿರುಪನ್ನು ಎಷ್ಟು ಬಿಗಿ ಮಾಡಿದರೂ ಅಷ್ಟೇ. ಸರಿಯಾದ ಜೋಡಿಯೋ ಅಲ್ಲವೋ ಎಂದು ನೋಡಲು ಸುಲಭವಾದ ಪರೀಕ್ಷೆಯಿದೆ. ಒಂದು ಮೊಳ ದಾರಕ್ಕೆ ಬರಿಯ ಸೂಜಿಯನ್ನು ಪೋಣಿಸಿ, ದಾರವನ್ನು ಎರಡೂ ಕೈಗಳಲ್ಲಿ ಓರೆಯಾಗಿ, ಬಿಗಿಯಾಗಿ ಹಿಡಿಯಿರಿ. ಸೂಜಿ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರಿ ಇಳಿಯಬೇಕು. ಸಿಕ್ಕಿಕೊಂಡು ನಿಂತರೆ ಸೂಜಿ ಸಣ್ಣದಾಯಿತು.

ಸೂಜಿಯ ಮೊನೆಯೂ ಮುಖ್ಯ. ಬಟ್ಟೆಯ ಸೂಜಿಗೆ ದುಂಡು ಮೊನೆ, ತೊಗಲಿನ ಸೂಜಿಗೆ ಕೊಯ್ಯುವ ಮೊನೆ. ದುಂಡು ಮೊನೆಯಿಂದ ದಪ್ಪ ತೊಗಲು ಹೊಲಿದರೆ ಯಂತ್ರ ಏದುಸಿರು ಬಿಡುತ್ತದೆ, ಸೂಜಿ ಬಾಗುತ್ತದೆ. ಕೊಯ್ಯುವ ಮೊನೆಗೂ ಒಂದು ಎಚ್ಚರಿಕೆ ಇದೆ: ಹೊಲಿಗೆಗಳನ್ನು ಬಹಳ ಹತ್ತಿರ ಹಾಕಿದರೆ ತೂತಿನಿಂದ ತೂತಿಗೆ ತೊಗಲು ಅಂಚೆ ಚೀಟಿಯಂತೆ ಹರಿಯುತ್ತದೆ. ಜೊತ್ತಿಗೆಯಂಥ ಭಾರದ ಪಟ್ಟಿಗೆ ಹೊಲಿಗೆಯಿಂದ ಹೊಲಿಗೆಗೆ ಸುಮಾರು 5 ಮಿಲಿಮೀಟರು, ಎಂದರೆ ಅಂಗುಲಕ್ಕೆ ಐದು ಹೊಲಿಗೆ ಸಾಕು. "ಒತ್ತಾಗಿ ಹೊಲಿ, ಗಟ್ಟಿ ಬರಲಿ" ಎಂದು ರೈತರು ಹೇಳುವುದನ್ನು ಕೇಳಿದ್ದೇನೆ. ಬತ್ತದ ನಾಟಿಯಲ್ಲಿ ಒತ್ತಾದರೆ ಏನಾಗುತ್ತದೆಂದು ಬಲ್ಲವರು ಇಲ್ಲಿ ಮಾತ್ರ ಹಾಗೆ ಕೇಳುವುದು ನನಗೆ ಆಶ್ಚರ್ಯ.

ಎರಡನೆಯದು ದಾರ. ಹತ್ತಿಯ ದಾರ ತೊಗಲಿನ ಹದಕ್ಕೂ ಎತ್ತಿನ ಬೆವರಿಗೂ ಬೇಗ ಕೊಳೆಯುತ್ತದೆ, ಅದು ಬೇಡ. ನೈಲಾನ್ ದಾರ ಗಟ್ಟಿ, ಆದರೆ ಹಿಗ್ಗುವ ಗುಣವುಳ್ಳದ್ದು. ಅತಿ ಬಿಗಿಯಲ್ಲಿ ಹೊಲಿದರೆ ಹಿಗ್ಗಿದ ದಾರ ಆಮೇಲೆ ಕುಗ್ಗಿ ಪಟ್ಟಿಯನ್ನು ಸುರುಟಿಸುತ್ತದೆ. ದಿನವೆಲ್ಲ ಬಿಸಿಲಿನಲ್ಲಿರುವ ಸಾಮಾನಿಗೆ ಪಾಲಿಯೆಸ್ಟರ್ ದಾರ ಹೆಚ್ಚು ಬಾಳುತ್ತದೆ. ದಾರದ ಹುರಿಯನ್ನೂ ನೋಡಬೇಕು. ಸೂಜಿಗೆ ಹಾಕುವ ದಾರ ಎಡಹುರಿಯದಾಗಿರಬೇಕು. ದಾರವನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು, ಬಲಗೈಯ ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಅದನ್ನು ನಿಮ್ಮ ಕಡೆಗೆ ಹೊರಳಿಸಿ. ಹುರಿ ಇನ್ನೂ ಬಿಗಿಯಾದರೆ ಎಡಹುರಿ, ಎಳೆಗಳು ಬಿಚ್ಚಿಕೊಂಡರೆ ಬಲಹುರಿ. ಬಲಹುರಿಯ ದಾರವನ್ನು ಬಾಬಿನ್ನಿಗೆ ಹಾಕಿಕೊಳ್ಳಬಹುದು, ಸೂಜಿಗೆ ಹಾಕಿದರೆ ಹೊಲಿಯುತ್ತಾ ಹೊಲಿಯುತ್ತಾ ಬಿಚ್ಚಿ ಹರಿಯುತ್ತದೆ.

ಕೈಹೊಲಿಗೆಯವರಿಗೆ ದಾರಕ್ಕೆ ಮೇಣ ಹಚ್ಚುವ ರೂಢಿ. ಮೇಣದ ದಾರಕ್ಕೆಂದೇ ಮಾಡಿದ ಯಂತ್ರವಲ್ಲದಿದ್ದರೆ ಇಲ್ಲಿ ಅದನ್ನು ಬಿಡಬೇಕು. ಮೇಣ ಬಿಲ್ಲೆಗಳ ನಡುವೆ ಅಂಟಿ, ಒಮ್ಮೆ ಬಿಗಿ ಒಮ್ಮೆ ಸಡಿಲ ಮಾಡುತ್ತದೆ.

ಮೂರನೆಯದು ದಾರ ಪೋಣಿಸುವ ರೀತಿ. ಮೇಲಿನ ದಾರದ ಬಿಗಿ ಇರುವುದು ಎರಡು ಬಿಲ್ಲೆಗಳ ನಡುವೆ. ಅವನ್ನು ಒಂದು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ, ಸ್ಪ್ರಿಂಗಿನ ಮೇಲೆ ತಿರುಪು. ಬಹುಮಟ್ಟಿಗೆ ಎಲ್ಲ ಯಂತ್ರಗಳಲ್ಲೂ ಒತ್ತುಗಾಲನ್ನು ಮೇಲೆತ್ತಿದಾಗ ಬಿಲ್ಲೆಗಳು ಬಾಯಿ ಬಿಡುತ್ತವೆ, ಇಳಿಸಿದಾಗ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ದಾರ ಪೋಣಿಸುವಾಗ ಕಾಲು ಮೇಲಿರಬೇಕು. ಕಾಲು ಇಳಿಸಿ ಪೋಣಿಸಿದರೆ ದಾರ ಬಿಲ್ಲೆಗಳ ಒಳಗೆ ಹೋಗದೆ ಅಂಚಿನ ಮೇಲೆ ಕೂರುತ್ತದೆ. ಆಗ ಬಿಗಿಯೇ ಇಲ್ಲ, ಅಡಿಯಲ್ಲಿ ಗುಬ್ಬಿಗೂಡು. ಬಿಗಿ ಎಷ್ಟಿದೆಯೆಂದು ಕೈಯಿಂದ ಎಳೆದು ನೋಡುವಾಗ ಕಾಲು ಕೆಳಗಿರಬೇಕು. ಮೇಲೆತ್ತಿ ನೋಡಿ "ಸಡಿಲವಾಗಿದೆ" ಎಂದು ತಿರುಪು ಬಿಗಿಸಿದರೆ, ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತಾಯಿತು.

ಬಿಲ್ಲೆಗಳ ಬಳಿ ಒಂದು ಸಣ್ಣ ತಂತಿಯ ಸ್ಪ್ರಿಂಗೂ ಇರುತ್ತದೆ. ಸೂಜಿ ತೊಗಲನ್ನು ಮುಟ್ಟುವವರೆಗೂ ದಾರ ಜೋಲದಂತೆ ಹಿಡಿಯುವುದು ಅದರ ಕೆಲಸ. ಅದು ಮುರಿದಿದ್ದರೆ ಅಥವಾ ದಾರ ಅದರಿಂದ ಜಾರಿದ್ದರೆ, ಜೋತುಬಿದ್ದ ದಾರವನ್ನು ಸೂಜಿ ತಾನೇ ಚುಚ್ಚಿ ಸೀಳುತ್ತದೆ. ಪದೇ ಪದೇ ಸೂಜಿಯ ಬಳಿಯೇ ದಾರ ಹರಿಯುತ್ತಿದ್ದರೆ ಮೊದಲು ಈ ತಂತಿಯನ್ನು ನೋಡಿ.

ಇಷ್ಟಾದ ಮೇಲೆ ತಿರುಪು. ಮೊದಲು ಕೆಳಗಿನದು, ಆಮೇಲೆ ಮೇಲಿನದು. ಈ ಕ್ರಮವನ್ನು ಬಿಡಬಾರದು. ಕೆಳಗಿನದನ್ನು ಒಂದು ಸಾರಿ ಹದಕ್ಕೆ ತಂದು ಬಿಟ್ಟುಬಿಡಬೇಕು, ದಿನದ ಹೊಂದಾಣಿಕೆಯನ್ನೆಲ್ಲ ಮೇಲಿನದರಲ್ಲಿ ಮಾಡಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ತಿರುಗಿಸುವವನು ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದನ್ನು ಎಂದೂ ತಿಳಿಯಲಾರನು. ಒಂದೇ ಮಡಿಗೆ ಹೊಸ ಬೀಜವನ್ನೂ ಹೊಸ ಗೊಬ್ಬರವನ್ನೂ ಒಟ್ಟಿಗೆ ಹಾಕಿ, ಇಳುವರಿ ಯಾವುದರಿಂದ ಬಂತೆಂದು ತಲೆ ಕೆರೆದುಕೊಂಡಂತೆ.

ಬಾಬಿನ್ನಿಗೆ ದಾರವನ್ನು ಸಮನಾಗಿ ಸುತ್ತಿರಬೇಕು. ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ ಆಗಿದ್ದರೆ ದಾರ ಎಳೆದೆಳೆದು ಬರುತ್ತದೆ. ಬಾಬಿನ್ನಿನ ಕೇಸಿನ ಮೇಲೆ ತೆಳ್ಳಗಿನ ಉಕ್ಕಿನ ಪಟ್ಟಿಯಿದೆ, ಅದರ ಕೆಳಗೆ ದಾರ ಹಾದುಬರುತ್ತದೆ. ಆ ಪಟ್ಟಿಯ ಅಡಿಯಲ್ಲಿ ಧೂಳು, ನಾರು, ತೊಗಲಿನ ಪುಡಿ ಕೂತರೆ ಪಟ್ಟಿ ಎತ್ತಿಕೊಂಡು ಬಿಗಿ ಹೋಗುತ್ತದೆ. ಗಟ್ಟಿ ಕಾಗದದ ಮೂಲೆಯನ್ನು ಅಡಿಯಲ್ಲಿ ತೂರಿಸಿ ಎಳೆದು ಚೊಕ್ಕಟ ಮಾಡಿ. ಬಹಳ ದಿನ ಓಡಿದ ಯಂತ್ರದಲ್ಲಿ ದಾರವು ಪಟ್ಟಿಯಲ್ಲೇ ಗೀರು ಕೊರೆದಿರುತ್ತದೆ. ಹಾಗಾಗಿದ್ದರೆ ಪಟ್ಟಿ ಬದಲಾಯಿಸದೆ ಗತಿಯಿಲ್ಲ. ಪಟ್ಟಿಯ ಮೇಲೆ ಎರಡು ತಿರುಪುಗಳಿದ್ದಲ್ಲಿ ಒಂದು ಪಟ್ಟಿಯನ್ನು ಹಿಡಿದಿಡುವುದು, ಇನ್ನೊಂದು ಬಿಗಿಯನ್ನು ಬದಲಿಸುವುದು. ಎರಡನೆಯದನ್ನು ಮಾತ್ರ ತಿರುಗಿಸಬೇಕು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲು. ಒಂದು ಸಾರಿಗೆ ಕಾಲು ಸುತ್ತಿಗಿಂತಲೂ ಕಡಿಮೆ. ಅಂಗೈಯಗಲ ಬಿಳಿ ಬಟ್ಟೆ ಹಾಸಿಕೊಂಡು ಈ ಕೆಲಸ ಮಾಡಿ. ಆ ತಿರುಪು ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು, ನೆಲಕ್ಕೆ ಬಿದ್ದರೆ ಸಿಕ್ಕುವುದಿಲ್ಲ.

ಕೆಳಗಿನ ಹದ ಎಷ್ಟು? ದರ್ಜಿಗಳು ಬಾಬಿನ್ ಕೇಸನ್ನು ದಾರದಿಂದ ತೂಗುಬಿಟ್ಟು, ಸ್ವಲ್ಪ ಜಗ್ಗಿದರೆ ಅದು ಚೂರು ಇಳಿದು ನಿಲ್ಲಬೇಕೆಂದು ನೋಡುತ್ತಾರೆ. ತೊಗಲಿಗೆ ಅದಕ್ಕಿಂತ ಬಿಗಿ ಬೇಕು. ದಪ್ಪ ದಾರ ಹಾಕಿದಾಗ ಸಣ್ಣ ಜಗ್ಗಿಗೆ ಕೇಸು ಇಳಿಯಬಾರದು. ಕೇಸು ಹೊರಗೆ ಬಾರದ ಯಂತ್ರಗಳಲ್ಲಿ ದಾರವನ್ನು ಬೆರಳಿನಿಂದ ಎಳೆದೇ ತಿಳಿಯಬೇಕು. ಮುಖ್ಯ ಮಾತೆಂದರೆ ಎಳೆತ ಒಂದೇ ಸಮನಾಗಿರಬೇಕು. ಕರೆಯುವ ಹಸುವಿನ ಮೊಲೆಯಿಂದ ಹಾಲು ಬರುವಂತೆ ಬರಬೇಕು, ತಡೆತಡೆದು ಬರಬಾರದು.

ಆಮೇಲೆ ಮೇಲಿನ ತಿರುಪು. ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಎರಡು ಬಣ್ಣದ ದಾರ. ಮೇಲೆ ಬಿಳಿ, ಕೆಳಗೆ ಕೆಂಪು ಅಥವಾ ಕಪ್ಪು. ಹೊಲಿಯಬೇಕಾದ ತೊಗಲಿನದೇ ಚೂರುಗಳನ್ನು, ಅಷ್ಟೇ ಪದರ ಸೇರಿಸಿ, ಹತ್ತು ಹನ್ನೆರಡು ಹೊಲಿಗೆ ಹಾಕಿ. ಬೇರೆ ತೊಗಲಿನ ಮೇಲೆ ಪರೀಕ್ಷೆ ಮಾಡಿ ಫಲವಿಲ್ಲ. ಮೇಲ್ಗಡೆ ಕೆಂಪು ಚುಕ್ಕಿ ಕಂಡರೆ ಮೇಲಿನ ತಿರುಪನ್ನು ಸಡಿಲಿಸಿ, ಅಡಿಯಲ್ಲಿ ಬಿಳಿ ಚುಕ್ಕಿ ಕಂಡರೆ ಬಿಗಿಸಿ. ಎರಡು ಕಡೆಯೂ ಕಾಣದಿದ್ದರೆ ಹರಿತವಾದ ರಂಪಿಗೆಯಿಂದ ಹೊಲಿಗೆಯ ಸಾಲಿನ ಪಕ್ಕಕ್ಕೇ ತೊಗಲನ್ನು ಕೊಯ್ದು, ಒಳಗೆ ಬಿಳಿಯೂ ಕೆಂಪೂ ಎಲ್ಲಿ ಕೂಡಿವೆ ನೋಡಿ. ನಡುವೆ ಇದ್ದರೆ ಸರಿ. ಒಂದು ಅಂಗುಲ ಚೂರು ತೊಗಲು ಹೋಗುತ್ತದೆ, ಹೋಗಲಿ.

ದಪ್ಪ ತೊಗಲಿನಲ್ಲಿ ಕೊಂಡಿಯನ್ನು ನಡುವಿನವರೆಗೆ ಎಳೆದು ತರಲು ಮೇಲಿನ ಬಿಗಿ ಸಾಕಷ್ಟು ಬೇಕು. ಹಾಗೆಂದು ಮಿತಿಮೀರಿದರೆ ದಾರ ಹರಿಯುತ್ತದೆ, ಅಥವಾ ದಾರ ಸೂಜಿಯನ್ನೇ ಓರೆಯಾಗಿ ಎಳೆದು ತಟ್ಟೆಗೆ ಹೊಡೆಸಿ ಮುರಿಯುತ್ತದೆ. ಆ ಮಟ್ಟಕ್ಕೆ ಹೋದರೂ ಕೊಂಡಿ ಮೇಲೇರದಿದ್ದರೆ ಕೆಳಗಿನದನ್ನು ಒಂದು ಚೂರು ಸಡಿಲಿಸಿ ಮತ್ತೆ ಮೇಲಿನಿಂದ ಆರಂಭಿಸಬೇಕು. ಎರಡು ಪದರದಿಂದ ಮೂರು ಪದರಕ್ಕೆ, ಮೆತ್ತನೆಯ ತೊಗಲಿನಿಂದ ಗಡಸು ತೊಗಲಿಗೆ ಹೋದಾಗಲೆಲ್ಲ ಮತ್ತೆ ಚೂರಿನ ಮೇಲೆ ನೋಡಬೇಕು. ಬೆಳಿಗ್ಗೆ ಎಕ್ಕಡಕ್ಕೆ ಹೊಂದಿಸಿದ ಬಿಗಿಯಲ್ಲಿ ಸಂಜೆ ಜೊತ್ತಿಗೆ ಹೊಲಿದರೆ ಏರಿಯ ಮೇಲಿನ ಗಾಡಿಯ ಕಥೆಯೇ ಆಗುತ್ತದೆ. ಆ ಹುಡುಗ ಮಾಡಿದ್ದೂ ಅದನ್ನೇ.

ಬಾಬಿನ್ನಿನ ಲೆಕ್ಕದಿಂದಲೂ ದೋಷವನ್ನು ಹಿಡಿಯಬಹುದು. ಜೊತ್ತಿಗೆಯ ಎರಡು ಪದರ ಸೇರಿ 8 ಮಿಲಿಮೀಟರು ದಪ್ಪ, ಹೊಲಿಗೆ 5 ಮಿಲಿಮೀಟರು ಎಂದುಕೊಳ್ಳಿ. ಕೊಂಡಿ ನಡುವೆ ಇದ್ದರೆ ಪ್ರತಿ ದಾರವೂ ಒಂದು ಹೊಲಿಗೆಗೆ ಅಡ್ಡಕ್ಕೆ 5, ಒಳಕ್ಕೆ 4, ಹೊರಕ್ಕೆ 4, ಒಟ್ಟು 13 ಮಿಲಿಮೀಟರು ಬೇಡುತ್ತದೆ. ಒಂದು ಮೀಟರು ಪಟ್ಟಿಗೆ ಇನ್ನೂರು ಹೊಲಿಗೆ. ಎಂದರೆ ಮೇಲೆ 2.6 ಮೀಟರು, ಕೆಳಗೆ 2.6 ಮೀಟರು. ಕೆಳದಾರ ನೆಟ್ಟಗೆ ಮಲಗಿದರೆ ಅದಕ್ಕೆ ಬೇಕಾಗುವುದು ಬರಿಯ ಒಂದು ಮೀಟರು, ಮಿಕ್ಕದ್ದೆಲ್ಲ ಮೇಲಿನದರಿಂದ, 4.2 ಮೀಟರು. ಆದ್ದರಿಂದ ಬಾಬಿನ್ನು ಎಂದಿಗಿಂತ ಹೆಚ್ಚು ಹೊತ್ತು ಬಂದರೆ ದಾರ ಉಳಿಯಿತೆಂದು ಸಂತೋಷಪಡಬೇಡಿ. ಕೂಡಲೇ ಪಟ್ಟಿಯನ್ನು ತಿರುಗಿಸಿ ಅಡಿ ನೋಡಿ. ಆ ಅಜ್ಜನ ಮಗನೂ, "ಈ ವಾರ ಬಾಬಿನ್ನು ಬೇಗ ತೀರುತ್ತಲೇ ಇಲ್ಲ" ಎಂದು ಮನೆಯಲ್ಲಿ ಹೇಳಿಕೊಂಡಿದ್ದನಂತೆ.

ಚಪ್ಪಲಿ ರಿಪೇರಿಯ ಉದ್ದ ತೋಳಿನ ಸಣ್ಣ ಯಂತ್ರಗಳ ಮಾತನ್ನೂ ಹೇಳಬೇಕು. ಸಿಂಗರ್ 29ಕೆ ಎಂಬುದೂ ಅದರ ಮಾದರಿಯ ಬೇರೆ ಯಂತ್ರಗಳೂ ಈ ಜಾತಿಯವು. 'ಕೆ' ಎಂದರೆ ಸ್ಕಾಟ್ಲೆಂಡಿನ ಕಿಲ್‌ಬೋವಿ ಕಾರ್ಖಾನೆ. ಅದು 1980ರಲ್ಲಿ ಮುಚ್ಚಿತು, ಅಲ್ಲಿ ತಯಾರಾದ ಯಂತ್ರಗಳು ಮಾತ್ರ ಇನ್ನೂ ದುಡಿಯುತ್ತಿವೆ. ಒತ್ತುಗಾಲು ಸುತ್ತಲೂ ತಿರುಗುವುದರಿಂದ ಎಕ್ಕಡದ ಮೂಲೆ, ಚೀಲದ ಬಾಯಿ ಎಲ್ಲವನ್ನೂ ಇವು ಹೊಲಿಯುತ್ತವೆ. ಆದರೆ ಬಾಬಿನ್ನು ಚಿಕ್ಕದು, ದಪ್ಪ ದಾರಕ್ಕೆ ಇವು ಹೇಳಿ ಮಾಡಿಸಿದುವಲ್ಲ. ಜೊತ್ತಿಗೆಯ ದಾರವನ್ನು ಇದರಲ್ಲಿ ತುರುಕಿ, ಬಿಗಿ ಬರಲಿಲ್ಲವೆಂದು ತಿರುಪು ಮುರಿಯುವುದು ನ್ಯಾಯವಲ್ಲ. ಹೋರಿಗರುವಿಗೆ ಕಬ್ಬಿನ ಗಾಡಿ ಕಟ್ಟುತ್ತೇವೆಯೇ?

ಇನ್ನು ನನ್ನ ಸ್ವಂತ ಅಭಿಪ್ರಾಯ ಒಂದಿದೆ, ಯಂತ್ರದವರು ಬೇಸರಪಡಬಾರದು. ಎಷ್ಟು ಚೆನ್ನಾಗಿ ಹೊಂದಿಸಿದರೂ ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೇ, ಕೆಳಗಿನದು ಕೆಳಗೇ. ಒಂದು ಹರಿದರೆ ಇನ್ನೊಂದಕ್ಕೆ ಹಿಡಿತ ತಪ್ಪುತ್ತದೆ. ಹಿರಿಯರು ಉಳಿಯಿಂದ ತೂತು ಮಾಡಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಕಟ್ಟಿ ಹೊಲಿಯುತ್ತಾರಲ್ಲ, ಆ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ಎರಡು ಎಳೆಗಳು ಈಚೆಯಿಂದ ಆಚೆಗೆ ಹಾದಿರುತ್ತವೆ. ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದಿರುತ್ತದೆ. ಆದುದರಿಂದ ಜೊತ್ತಿಗೆಯ ಉದ್ದದ ಸಾಲುಗಳನ್ನು ಯಂತ್ರದಲ್ಲಿ ಹೊಲಿದು, ಬಳೆ ಸೇರಿಸುವ ತುದಿಗಳನ್ನು ಮಾತ್ರ ಅಜ್ಜನ ಕೈಯಿಂದ ಹೊಲಿಸಬೇಕೆಂದು ಆ ಮನೆಯಲ್ಲಿ ಒಪ್ಪಂದವಾಯಿತು. ಎಲ್ಲ ಭಾರವೂ ಬೀಳುವುದು ಆ ತುದಿಗಳ ಮೇಲೆ. ಮಗ ಯಂತ್ರ ಮಾರಲಿಲ್ಲ, ಅಜ್ಜನಿಗೂ ಕೆಲಸ ತಪ್ಪಲಿಲ್ಲ. ಹರಳಯ್ಯನವರ ಕಸುಬು ಎಂದು ಹನ್ನೆರಡನೆಯ ಶತಮಾನದಿಂದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕೈಗಳಲ್ಲಿ ಉಳಿದಿರುವ ವಿದ್ಯೆಗೆ ಬೆಲೆ ಕಟ್ಟುವಾಗ ಮಾತ್ರ ನಮ್ಮ ಹೆಮ್ಮೆ ಸಣ್ಣದಾಗುತ್ತದೆ.

ಯಂತ್ರದಲ್ಲಿಯೇ ಸಾಲು ಮುಗಿಸುವುದಾದರೆ ಕೊನೆಯಲ್ಲಿ ಮೂರು ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಬೇಕು. ಉದ್ದ ತೋಳಿನ ಯಂತ್ರದಲ್ಲಿ ಒತ್ತುಗಾಲನ್ನೇ ತಿರುಗಿಸಿ ಹಿಂದಕ್ಕೆ ಹೊಲಿಯಬಹುದು. ಹೊರಗೆ ತೆಗೆಯುವಾಗ ಕಾಲನ್ನು ಮೇಲೆತ್ತಿ, ದಾರವನ್ನು ಸಡಿಲಬಿಟ್ಟುಕೊಂಡು ತೆಗೆಯಿರಿ. ಕಾಲು ಇಳಿದಿರುವಾಗಲೇ ಜಗ್ಗಿದರೆ ಸೂಜಿ ಬಾಗುತ್ತದೆ. ಬಾಗಿದ ಸೂಜಿಗೆ ಕೊಕ್ಕೆ ಸರಿಯಾಗಿ ಸಿಕ್ಕದೆ ಹೊಲಿಗೆ ತಪ್ಪುತ್ತದೆ. ಆಗ ಮತ್ತೆ "ಬಿಗಿ ಕೆಟ್ಟಿದೆ" ಎಂಬ ದೂರು.

ಈಗ ಹೊಲಿಸಿಕೊಳ್ಳುವ ರೈತರಿಗೆ. ಪಟ್ಟಿ ಕೈಗೆ ಬಂದಾಗ ಮೇಲ್ಗಡೆಯ ಅಂದವನ್ನಷ್ಟೇ ನೋಡಿ ಹೊರಡಬೇಡಿ. ತಿರುಗಿಸಿ ಅಡಿಯನ್ನು ನೋಡಿ. ಎರಡು ಮಗ್ಗುಲೂ ಒಂದೇ ತೆರನಾಗಿ, ಪ್ರತಿ ಹೊಲಿಗೆಯೂ ತೂತಿನ ಬಳಿ ತುಸು ಒಳಕ್ಕೆ ತಗ್ಗಿದಂತಿರಬೇಕು. ಒಂದು ಕಡೆ ದಾರ ತಂತಿ ಎಳೆದಂತೆ ನೆಟ್ಟಗಿದ್ದರೆ ಉಗುರಿನಿಂದ ಎತ್ತಿ ನೋಡಿ. ಎದ್ದು ಬಂದರೆ ಜಗಳವಾಡದೆ ಹಿಂದಕ್ಕೆ ಕೊಡಿ, ಬಿಚ್ಚಿ ಹೊಲಿಯಲು ಹೇಳಿ. ಅದೇ ತೂತುಗಳಲ್ಲಿ ಹೊಲಿಗೆ ಬೀಳುವಂತೆ ಹೇಳುವುದನ್ನು ಮರೆಯಬೇಡಿ. ಪಕ್ಕದಲ್ಲಿ ಹೊಸ ತೂತು ಬಿದ್ದರೆ ತೊಗಲು ಬಲಗೆಡುತ್ತದೆ.

ಚೌಕಾಸಿಯ ಮಾತೂ ಇದೆ. ಹಿಂದೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದೆವು. ಕಣದಲ್ಲಿ ರಾಶಿಯಾದ ಮೇಲೆ ತೊಗಲಿನ ಕೆಲಸದವರ ಪಾಲು ಅಳೆದು ಕೊಡುವ ಪದ್ಧತಿಯಿತ್ತು. ಈಗ ಕೆಲಸಕ್ಕೆ ಇಷ್ಟೆಂದು ದುಡ್ಡು. ಹತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು ಬಂದೆನೆಂದು ಹಿಗ್ಗುವವರು ಆ ಹತ್ತು ರೂಪಾಯಿ ಎಲ್ಲಿಂದ ಹೋಯಿತೆಂದು ಕೇಳಿಕೊಳ್ಳಬೇಕು. ತೊಗಲು ಕಣ್ಣಿಗೆ ಕಾಣುತ್ತದೆ, ಅದರಲ್ಲಿ ಕಡಿಮೆ ಮಾಡಲಾಗುವುದಿಲ್ಲ. ದಾರ ಒಳಗಿರುತ್ತದೆ, ಪರೀಕ್ಷೆಯ ಚೂರಿಗೆ ಕಳೆಯುವ ಹೊತ್ತೂ ಯಾರಿಗೂ ಕಾಣುವುದಿಲ್ಲ. ಕಡಿಮೆಯಾಗುವುದು ಅವೆರಡೇ. ಜೊತ್ತಿಗೆಗೂ ಪಂಪಿನ ಹೆಗಲಪಟ್ಟಿಗೂ ದಾರದ ಬೆಲೆಯನ್ನು ಬೇರೆಯಾಗಿ ಕೊಟ್ಟು, ದಪ್ಪ ದಾರವನ್ನೇ ಹಾಕಿಸಿ.

ಯಂತ್ರವನ್ನು ಅಜ್ಜನ ಮಗ ಇಲ್ಲಿಗೇ ಹೊತ್ತು ತಂದಿದ್ದಾನೆ. ಮೇಲೆ ಬಿಳಿ, ಕೆಳಗೆ ಕೆಂಪು ದಾರ ಹಾಕಿಟ್ಟಿದ್ದಾನೆ. ಮೊದಲು ಬೇಕೆಂದೇ ಬಿಗಿ ಕೆಡಿಸಿ ಹೊಲಿದು ತೋರಿಸುತ್ತಾನೆ, ಆಮೇಲೆ ಸರಿಮಾಡಿ ತೋರಿಸುತ್ತಾನೆ. ಎರಡು ಚೂರುಗಳನ್ನೂ ಕೈಯಿಂದ ಕೈಗೆ ಕಳಿಸುತ್ತೇವೆ, ಉಗುರಿನಿಂದ ಎತ್ತಿ ನೋಡಿ. ಮನೆಯಲ್ಲಿ ಈ ವರ್ಷ ಹೊಲಿಸಿದ ಜೊತ್ತಿಗೆ ಇದ್ದವರು ಹುಡುಗರನ್ನು ಓಡಿಸಿ ತರಿಸಿಕೊಳ್ಳಿ. ಪಂಪಿನ ಪಟ್ಟಿಗಳನ್ನೂ ತನ್ನಿ, ಔಷಧಿಯ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.